ಬೀದಿ ಬದಿಯ ಸಸಿಗಳು ಎರಡು ವರ್ಷವಾದರೂ ಸೊರಗಿವೆ, ಗೂಟ ಬಿಚ್ಚಿದರೆ ವಾಲುತ್ತಿವೆ: ತಪ್ಪು ಎಲ್ಲಿದೆ?

ನೆರಳುದಾರಿ (ಪ್ರಶ್ನೆ):
ಫುಟ್‌ಪಾತಿನಲ್ಲಿ 40 ಸಸಿಗಳಿವೆ, ನೆಟ್ಟು ಎರಡು ವರ್ಷ. ಕಾಂಡದ ದಪ್ಪ 4–5 ಸೆಂ.ಮೀ. ಗುಂಡಿ 60 ಸೆಂ.ಮೀ. ಚೌಕ, 90 ಸೆಂ.ಮೀ. ಆಳ. ಮಣ್ಣಿಗೆ ಅರ್ಧಕ್ಕರ್ಧ ಗೊಬ್ಬರ ಬೆರೆಸಿ ತುಂಬಿದ್ದು. ದಿನ ಬಿಟ್ಟು ದಿನ ಒಂದೊಂದು ಬಕೆಟ್ ನೀರು ಹೋಗುತ್ತಿದೆ. ಆದರೂ ಸುಮಾರು 12 ಸಸಿಗಳಲ್ಲಿ ಎಲೆ ಚಿಕ್ಕದಾಗಿ ಹಳದಿಗೆ ತಿರುಗಿದೆ, ತುದಿಕೊಂಬೆ ಒಣಗುತ್ತಿದೆ. ಐದಕ್ಕೆ ಗೂಟ ಬಿಚ್ಚಿದೆವು, ಐದೂ ವಾಲಿದವು. ಗೊಬ್ಬರ ಸಾಲದೆ ಹೀಗಾಗಿದೆಯೆ? ಮಳೆಗಾಲಕ್ಕೆ ಇನ್ನೂ 30 ಸಸಿ ನೆಡುವುದಿದೆ.

ಬೇರುಬಿಳಲು:
ಗೊಬ್ಬರ ಸದ್ಯ ಹಾಕಲೇಬೇಡಿ. ಮೊದಲು ಬುಡ ನೋಡಿ. ಸರಿಯಾಗಿ ನೆಟ್ಟ ಮರದ ಕಾಂಡ ನೆಲ ಮುಟ್ಟುವಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ನಿಮ್ಮದು ಕಂಬ ಹೂತ ಹಾಗೆ ನೇರ ಮಣ್ಣಿಗಿಳಿದಿದ್ದರೆ ಆಳವಾಗಿ ನೆಟ್ಟಿದ್ದೀರಿ ಎಂದೇ ಅರ್ಥ.

ನೀವು ಕೊಟ್ಟ ಅಳತೆಯಲ್ಲೇ ಉತ್ತರ ಇರುವ ಹಾಗಿದೆ. 90 ಸೆಂ.ಮೀ. ಅಗೆದು, ಅರ್ಧ ಗೊಬ್ಬರ ತುಂಬಿ, ಅದರ ಮೇಲೆ ಸಸಿ ಕೂರಿಸಿದರೆ ಗೊಬ್ಬರ ಕೊಳೆತು ಕುಗ್ಗಿದಷ್ಟೂ ಸಸಿ ಕೆಳಗಿಳಿಯುತ್ತದೆ. ಆ ತಗ್ಗಿಗೆ ಯಾರೋ ಮತ್ತೆ ಮಣ್ಣು ಹಾಕುತ್ತಾರೆ. ಕಾಂಡದ ತೊಗಟೆ ಸದಾ ತೇವದಲ್ಲಿದ್ದು ಕೊಳೆಯುತ್ತದೆ, ಬೇರಿಗೆ ಗಾಳಿ ಸಿಗದು. ಗಾಳಿ ಹುಡುಕಿ ಮೇಲೆ ಬಂದ ಬೇರು ಕಾಂಡವನ್ನೇ ಸುತ್ತಿಕೊಳ್ಳುತ್ತದೆ.

ಕೈಯಿಂದ ಅಥವಾ ಮೊಂಡು ಕಡ್ಡಿಯಿಂದ ಮಣ್ಣು ಸರಿಸುತ್ತ ಮೊದಲ ದಪ್ಪ ಬೇರು ಸಿಗುವವರೆಗೆ ಹೋಗಿ. ಗುದ್ದಲಿ ಬೇಡ, ತೊಗಟೆ ಸುಲಿಯುತ್ತದೆ. ಬೇರು 5 ಸೆಂ.ಮೀ. ಒಳಗೆ ಸಿಕ್ಕರೆ ಮೇಲಿನ ಮಣ್ಣು ತೆಗೆದು ಹಾಗೇ ಬಿಡಿ. 10 ದಾಟಿದರೆ ಸಸಿಯನ್ನೇ ಎತ್ತಿ ಮತ್ತೆ ನೆಡುವುದು ಮೇಲು, 4–5 ಸೆಂ.ಮೀ. ಕಾಂಡಕ್ಕೆ ಇದು ಇನ್ನೂ ಆಗುವ ಕೆಲಸ.

ಹನಿಗೊಳ:
ನೀರಿನ ಬಗ್ಗೆ ಒಂದು ಮಾತು. ಗೊಬ್ಬರದ ಸಡಿಲ ಮಣ್ಣು ಒಳಗೆ, ಗಟ್ಟಿ ನೆಲ ಸುತ್ತ. ಇಂಥ ಗುಂಡಿ ತೂತಿಲ್ಲದ ಕುಂಡದ ಹಾಗೆ: ಹೋದ ನೀರು ತಳದಲ್ಲಿ ನಿಲ್ಲುತ್ತದೆ, ಬೇರು ಗೋಡೆ ದಾಟದೆ ಒಳಗೇ ಸುತ್ತುತ್ತದೆ. ಬೇರಿಗೆ ಗಾಳಿ ಇಲ್ಲದಿದ್ದರೂ ಎಲೆ ಬಾಡುತ್ತದೆ, ನೀರಿಲ್ಲದಿದ್ದರೂ ಬಾಡುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ, ಹಾಗಾಗಿ ಇನ್ನೊಂದು ಬಕೆಟ್ ಸುರಿಯುತ್ತಾರೆ. 30 ಸೆಂ.ಮೀ. ಆಳದ ಮಣ್ಣು ತೆಗೆದು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ, ಕಪ್ಪು ಬೇರು ಇದ್ದರೆ ನೀರು ಹೆಚ್ಚಾಗಿದೆ.

ಹೊಸ ಗುಂಡಿಗಳಿಗೆ ನೆಡುವ ಮೊದಲೇ ಪರೀಕ್ಷೆ ಮಾಡಿಬಿಡಿ. 30 ಸೆಂ.ಮೀ. ಆಳದ ಕುಳಿಗೆ ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ, ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. 2.5 ಸೆಂ.ಮೀ.ಗಿಂತ ಕಡಿಮೆಯಾದರೆ ನೀರು ಹೋಗಲು ದಾರಿ ಮಾಡದೆ ಅಲ್ಲಿ ನೆಡಬೇಡಿ.

ಹಳದಿ ಯಾವ ಎಲೆಯಲ್ಲಿ ಎಂಬುದನ್ನೂ ನೋಡಿ. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರು ಉಳಿದಿದ್ದರೆ ಕಬ್ಬಿಣದ ಕೊರತೆ. ಫುಟ್‌ಪಾತಿನಲ್ಲಿ ಇದಕ್ಕೆ ಹೆಚ್ಚಾಗಿ ಸಿಮೆಂಟ್ ತ್ಯಾಜ್ಯ ಕಾರಣ. ಮಣ್ಣು ಕ್ಷಾರವಾಗಿ, ಇರುವ ಕಬ್ಬಿಣವೂ ಬೇರಿಗೆ ಸಿಗುವುದಿಲ್ಲ. ಅಂಥ ಮಣ್ಣನ್ನು ಬದಲಿಸಬೇಕು.

ಕೊಂಬೆಕತ್ತರಿ:
ವಾಲುವುದಕ್ಕೆ ಗೂಟವೂ ಕಾರಣ. ಎಷ್ಟು ಎತ್ತರಕ್ಕೆ ಕಟ್ಟಿದ್ದಿರಿ? ಕೆಳಕೊಂಬೆ ಸವರಿದ್ದೀರಾ?

ನೆರಳುದಾರಿ:
ಒಂದೇ ಗೂಟ, ಸುಮಾರು ಎದೆಮಟ್ಟಕ್ಕೆ, ಬಿಗಿಯಾಗಿ. ಓಡಾಡುವವರಿಗೆ ತಾಗದಿರಲೆಂದು 2 ಮೀಟರ್‌ವರೆಗಿನ ಕೊಂಬೆ ಎಲ್ಲ ತೆಗೆಸಿದ್ದೆವು. ಇವತ್ತು ಮೂರು ಬುಡ ಬಿಡಿಸಿ ನೋಡಿದೆ: ಮೊದಲ ಬೇರು 7, 11, 13 ಸೆಂ.ಮೀ. ಒಳಗೆ. ಒಂದಕ್ಕೆ ಹೆಬ್ಬೆರಳು ಗಾತ್ರದ ಬೇರು ಅರ್ಧ ಸುತ್ತು ಹಾಕಿದೆ.

ಕೊಂಬೆಕತ್ತರಿ:
ಹಾಗಾದರೆ ಗೊತ್ತಾಯಿತು. ಕಾಂಡ ಗಾಳಿಗೆ ಅಲುಗಿದರೇ ಬುಡ ದಪ್ಪವಾಗುವುದು. ಬಿಗಿದು ಕಟ್ಟಿದ್ದು ಕೋಲಿನ ಹಾಗೆ ಉದ್ದ ಬೆಳೆಯುತ್ತದೆ. ಕೆಳಕೊಂಬೆ ಪೂರ್ತಿ ತೆಗೆದದ್ದಂತೂ ಇನ್ನೂ ಕೆಟ್ಟದ್ದು, ಕಾಂಡದ ಕೆಳಭಾಗವನ್ನು ದಪ್ಪ ಮಾಡುವುದು ಆ ಕೊಂಬೆಗಳೇ. ಸಸಿಯ ಎತ್ತರದ ಮೂರರಲ್ಲಿ ಎರಡು ಪಾಲು ಹಸಿರು ಇರಲಿ. ತಾಗುವ ಕೊಂಬೆಯ ತುದಿ ಮಾತ್ರ ಮೊಟಕು ಮಾಡಿ, ಬುಡದಿಂದ ತೆಗೆಯುವುದನ್ನು ವರ್ಷಕ್ಕಿಷ್ಟು ಎಂದು ಹಂಚಿಕೊಳ್ಳಿ. ತೆಗೆಯುವಾಗ ಕೊಂಬೆಯ ಬುಡದಲ್ಲಿ ಉಬ್ಬಿದ ಕೊರಳಿನ ಹೊರಗೆ ಕತ್ತರಿಸಿ, ಗಾಯಕ್ಕೆ ಬಣ್ಣ ಬಳಿಯಬೇಡಿ. ಮರ ಗಾಯವನ್ನು ಒಳಗಿನಿಂದ ಗೋಡೆ ಕಟ್ಟಿ ಮುಚ್ಚಿಕೊಳ್ಳುತ್ತದೆ; ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶಿಗೊ ಸಾವಿರಾರು ಮರ ಸೀಳಿ ತೋರಿಸಿದ್ದು ಇದನ್ನೇ. ಕೊರಳನ್ನೇ ಕೊಯ್ದರೆ ಆ ಗೋಡೆ ಕಟ್ಟುವ ಜಾಗವೇ ಹೋಯಿತು.

ಗೂಟ ಎರಡಿರಲಿ, ಬೇರುಮುದ್ದೆಯ ಹೊರಗೆ, ಸಸಿಯ ಎತ್ತರದ ಮೂರನೇ ಒಂದರಷ್ಟು. ಅಗಲ ಪಟ್ಟಿಯನ್ನು ಎಂಟರ ಆಕಾರದಲ್ಲಿ ಸಡಿಲ ಕಟ್ಟಿ, ಒಂದು ವರ್ಷಕ್ಕೆ ಬಿಚ್ಚಿ. ತಂತಿ ಬೇಡ. ಟ್ರೀ ಗಾರ್ಡ್ ಇದ್ದರೆ ಅದರ ಬಳೆಯೂ ಕಾಂಡಕ್ಕೆ ಒತ್ತುವ ಮೊದಲೇ ಕಳಚಬೇಕು.

ಬೇರುಬಿಳಲು:
7 ಸೆಂ.ಮೀ. ಇರುವುದಕ್ಕೆ ಮಣ್ಣು ಸರಿಸಿದರೆ ಸಾಕು. 11, 13 ಇರುವುದನ್ನು ಮೊದಲ ಮಳೆ ಬಿದ್ದ ಮೇಲೆ 50–60 ಸೆಂ.ಮೀ. ಅಗಲದ ಮುದ್ದೆ ಸಮೇತ ಎತ್ತಿ. ಸುತ್ತಿದ ಬೇರನ್ನು ಉಳಿಯಿಂದ ಕಡಿದು ತೆಗೆಯಿರಿ; ಅದು ಕಾಂಡದೊಳಗೆ ಹೂತುಹೋಗಿದ್ದರೆ ಎರಡೂ ಬದಿ ಕಡಿದು ನಡುವಿನ ತುಂಡು ಬಿಡಿ, ಕೀಳಲು ಹೋದರೆ ತೊಗಟೆ ಬರುತ್ತದೆ.

ಹೊಸ 30ಕ್ಕೆ ಗುಂಡಿಯ ಆಳ ಬೇರುಮುದ್ದೆಯಷ್ಟೇ, ಅಗಲ ಅದರ ಎರಡು ಮೂರು ಪಟ್ಟು. ತಳವನ್ನು ಸಡಿಲಿಸಬೇಡಿ, ಗೋಡೆಯನ್ನು ಹಾರೆಯಿಂದ ಒರಟು ಮಾಡಿ. ಚೀಲ ಪೂರ್ತಿ ಹರಿದು, ಮುದ್ದೆಯ ಹೊರಮೈ 2–3 ಸೆಂ.ಮೀ. ಸುತ್ತಲೂ ಚಾಕುವಿನಿಂದ ಕೆತ್ತಿಬಿಡಿ; ಚೀಲದಲ್ಲಿ ಸುತ್ತು ಹಾಕಿದ ಬೇರು ಹೊರಗೆ ಬಂದ ಮೇಲೂ ಸುತ್ತುತ್ತಲೇ ಇರುತ್ತದೆ. ಅಗೆದ ಮಣ್ಣನ್ನೇ ತುಂಬಿ. ಗೊಬ್ಬರ ಮೇಲೆ ತೆಳುವಾಗಿ, ಅದರ ಮೇಲೆ ಒಣ ಎಲೆ ಅಥವಾ ಮರದ ಚಕ್ಕೆಯ ಹೊದಿಕೆ 5–8 ಸೆಂ.ಮೀ., ಕಾಂಡದಿಂದ ಒಂದು ಗೇಣು ದೂರ.

ಹನಿಗೊಳ:
ಬಿಸಿಲುಕಾಲದಲ್ಲಿ ವಾರಕ್ಕೆ 40–50 ಲೀಟರ್, ಎರಡು ಕಂತಿನಲ್ಲಿ, ನಿಧಾನವಾಗಿ. 20 ಲೀಟರ್ ಕ್ಯಾನಿನ ತಳಕ್ಕೆ 3 ಮಿ.ಮೀ. ತೂತು ಕೊರೆದು ಬುಡದ ಪಕ್ಕ ಇಟ್ಟರೆ ನೀರು ರಸ್ತೆಗೆ ಹರಿಯುವುದಿಲ್ಲ. 15 ಸೆಂ.ಮೀ. ಆಳದಲ್ಲಿ ಮಣ್ಣು ಇನ್ನೂ ಉಂಡೆಯಾಗುವಷ್ಟು ತೇವವಿದ್ದರೆ ಆ ಸರದಿ ಬಿಡಿ.

ನೆರಳುದಾರಿ:
ಧನ್ಯವಾದ. ಇನ್ನೊಂದು: ಅದೇ ಬೀದಿಯಲ್ಲಿ 30 ಸೆಂ.ಮೀ. ದಪ್ಪದ ಹಳೆಯ ಮರವಿದೆ. ಅದರಿಂದ ಒಂದೂವರೆ ಮೀಟರ್ ದೂರದಲ್ಲಿ ಕೇಬಲ್ ಕಾಲುವೆ ತೋಡುತ್ತಾರಂತೆ. ಅಷ್ಟು ದೂರ ಸಾಕೆ?

ಬೇರುಬಿಳಲು:
ಸಾಲದು. ಕಾಂಡದ ವ್ಯಾಸದ 12 ಪಟ್ಟು ಕಾಪಾಡಬೇಕಾದ ವಲಯ ಎಂಬ ಲೆಕ್ಕವಿದೆ. ನಿಮ್ಮ ಮರಕ್ಕೆ 3.6 ಮೀಟರ್. ಹೆಚ್ಚಿನ ಬೇರು ಮೇಲಿನ 60 ಸೆಂ.ಮೀ. ಮಣ್ಣಿನಲ್ಲೇ ಇರುವುದರಿಂದ ಕಾಲುವೆ ಒಂದು ಬದಿಯ ಬೇರನ್ನೆಲ್ಲ ಕತ್ತರಿಸುತ್ತದೆ. ಎಲೆ ಒಣಗುವುದು ಒಂದೆರಡು ವರ್ಷದ ನಂತರ, ಅಷ್ಟರಲ್ಲಿ ಕಾಲುವೆ ಎಲ್ಲರಿಗೂ ಮರೆತಿರುತ್ತದೆ. ಮರದ ಅಡಿಯಲ್ಲಿ ಒಂದು ಮೀಟರ್‌ಗಿಂತ ಕೆಳಗೆ ಅಡ್ಡಕ್ಕೆ ಕೊರೆದು ಪೈಪ್ ತೂರಿಸಲು ಕೇಳಿ. ಒಪ್ಪದಿದ್ದರೆ ಆ ಭಾಗವನ್ನು ಕೈಯಿಂದಲೇ ಅಗೆಸಿ, 2.5 ಸೆಂ.ಮೀ.ಗಿಂತ ದಪ್ಪ ಬೇರು ಉಳಿಸಿ ಅದರ ಕೆಳಗೆ ಕೇಬಲ್ ತೂರಿಸಲಿ. ಬಿಟ್ಟ ಬೇರಿನ ಮೇಲೆ ಒದ್ದೆ ಗೋಣಿ ಹಾಕಿಸಿ, ಅದೇ ದಿನ ಮಣ್ಣು ಮುಚ್ಚಿಸಿ.