ಪದಚರ್ಚೆ: ‘ಕಾಯಿಲೆ ವಾಸಿ’ಯ ವಾಸಿಯೂ ‘ಮುಕ್ಕಾಲುವಾಸಿ’ಯ ವಾಸಿಯೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಪ್ರಶ್ನೆ ತಲೆಬರಹದಲ್ಲೇ ಇದೆ. ಆದರೆ ಅದು ಎಲ್ಲಿಂದ ಹುಟ್ಟಿತು ಅಂತ ಹೇಳದಿದ್ದರೆ ‘ನಿಘಂಟು ನೋಡಮ್ಮ’ ಅಂತ ಸುಮ್ಮನಾಗುತ್ತೀರಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಹೋದ ವರ್ಷ ನನ್ನ ಕತ್ತಿನ ಮುಂದೆ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಕ್ಯಾನ್ಸರ್ ಅಂದರು. ಪ್ಯಾಪಿಲರಿ ಅನ್ನುವ ಬಗೆ, ನಿಧಾನವಾಗಿ ಬೆಳೆಯುವಂಥದ್ದು. ಆಪರೇಷನ್ ಮಾಡಿ ಗ್ರಂಥಿಯನ್ನು ಪೂರ್ತಿ ತೆಗೆದರು. ಅಲ್ಲಿ ಇಲ್ಲಿ ಉಳಿದಿರಬಹುದಾದ ಚೂರುಪಾರಿಗೆ ಅಂತ ಆಮೇಲೆ ವಿಕಿರಣಶೀಲ ಅಯೋಡಿನ್ ಕೊಟ್ಟರು. ಸೀಸದ ಡಬ್ಬಿಯಿಂದ ತೆಗೆದ ಒಂದು ಕ್ಯಾಪ್ಸೂಲ್, ಒಂದು ಲೋಟ ನೀರು. ಅಷ್ಟೇ. ಥೈರಾಯ್ಡ್ ಜೀವಕೋಶ ಮೈಯಲ್ಲಿ ಎಲ್ಲೇ ಇರಲಿ, ಅಯೋಡಿನ್ ಕಂಡರೆ ಎಳೆದುಕೊಳ್ಳುತ್ತದೆ. ಆ ಆಸೆಬುರುಕತನವೇ ಇಲ್ಲಿ ಅದಕ್ಕೆ ಮುಳುವು. ಮೂರು ರಾತ್ರಿ ಆಸ್ಪತ್ರೆಯ ಒಂಟಿ ಕೋಣೆಯಲ್ಲಿದ್ದೆ. ಆಮೇಲೆ ಒಬ್ಬರು ಮೀಟರ್ ಹಿಡಿದು ನನ್ನನ್ನು ಅಳೆದು, ಮನೆಗೆ ಹೋಗಬಹುದು ಅಂದರು.

ಹೊರಡುವಾಗ ಕೈಗೆ ಒಂದು ಕನ್ನಡ ಹಾಳೆ ಕೊಟ್ಟರು. ಕನ್ನಡದಲ್ಲಿ ಕೊಟ್ಟರಲ್ಲ ಅಂತ ಖುಷಿಪಟ್ಟೆ. ಓದುವ ತನಕ. ಮೊದಲ ಸಾಲೇ ಹೀಗಿತ್ತು: “ಸದರಿ ಔಷಧದ ಅರ್ಧಾಯುಷ್ಯ 8 ದಿನಗಳು.”

ಮನೆಯಲ್ಲಿ ನಮ್ಮತ್ತೆ ಕನ್ನಡಕ ಹಾಕಿಕೊಂಡು ಅದನ್ನು ಗಟ್ಟಿಯಾಗಿ ಓದಿದರು. ಓದಿ ಹಾಗೇ ಕೂತುಬಿಟ್ಟರು. “ಎಂಟು ದಿನ ಅಂತ ಬರ್ದಿದಾರಲ್ಲೋ” ಅಂತ ಮಗನನ್ನು ಕೇಳುವಾಗ ಅವರ ದನಿ ನಡುಗುತ್ತಿತ್ತು. ದೀರ್ಘಾಯುಷ್ಯ, ಅಲ್ಪಾಯುಷ್ಯ ಕೇಳಿ ಬೆಳೆದ ಕಿವಿಗೆ ಅರ್ಧಾಯುಷ್ಯ ಅಂದರೆ ಇನ್ನೇನು ಕೇಳಿಸೀತು ಹೇಳಿ? ನಮ್ಮ ಮನೆಯವರು ಪರಮಾಣು, ಬೀಜಕೇಂದ್ರ ಅಂತ ಶುರುಮಾಡಿದರು. ಕೆಲಸಕ್ಕೆ ಬರಲಿಲ್ಲ. ಕೊನೆಗೆ, ಇವತ್ತು ನೂರು ಪಾಲು ಇದ್ದರೆ ಎಂಟು ದಿನಕ್ಕೆ ಐವತ್ತು, ಹದಿನಾರಕ್ಕೆ ಇಪ್ಪತ್ತೈದು ಉಳಿಯುತ್ತೆ ಅಂದಾಗ ಅತ್ತೆಯ ಮುಖ ತಿಳಿಯಾಯಿತು. “ಹಾಗನ್ನು ಮತ್ತೆ! ಎಂಟು ದಿನಕ್ಕೆ ಅರೆವಾಸಿ ಹೋಗುತ್ತೆ, ಹದಿನಾರಕ್ಕೆ ಮುಕ್ಕಾಲುವಾಸಿ ಹೋಗುತ್ತೆ. ಇದಕ್ಕೆ ಆಯುಷ್ಯದ ಮಾತು ಯಾಕೆ ತಂದ್ರು?”

ಲೆಕ್ಕ ಕರಾರುವಾಕ್ಕು. ಮೈಯೊಳಗೆ ಹೋದ ಅಯೋಡಿನ್ ಮೂತ್ರದಲ್ಲೂ ಹೋಗುವುದರಿಂದ ಇನ್ನೂ ಬೇಗ ಕಡಿಮೆಯಾಗುತ್ತದೆ, ಅದು ಬೇರೆ ಮಾತು. ಡಬ್ಬಿಯಲ್ಲೇ ಬಿಟ್ಟಿದ್ದರೆ ಅತ್ತೆಯ ಲೆಕ್ಕವೇ ಲೆಕ್ಕ.

ಅಂದಿನಿಂದ ನನ್ನ ಆರು ವರ್ಷದ ಮಗಳಿಗೆ ಅದೇ ಆಟ. ಬೆಳಗ್ಗೆ ಎದ್ದವಳೇ ಬಾಗಿಲಾಚೆ ನಿಂತು, “ಅಮ್ಮ, ವಾಸಿ ಆಯ್ತಾ?” ಅನ್ನುತ್ತಿದ್ದಳು. ನಾನು ಒಳಗಿನಿಂದ, “ಇನ್ನೂ ಅರೆವಾಸಿ” ಅನ್ನುತ್ತಿದ್ದೆ. ಹಾಗೆ ಒಂದು ದಿನ ಅನ್ನುವಾಗಲೇ ಹೊಳೆದದ್ದು: ಅವಳು ಕೇಳಿದ ವಾಸಿ ಯಾವುದು, ನಾನು ಹೇಳಿದ ವಾಸಿ ಯಾವುದು?

‘ಜ್ವರ ವಾಸಿಯಾಯಿತು’ ಅನ್ನುವಲ್ಲಿ ವಾಸಿ ಅಂದರೆ ಗುಣ. ‘ಅವನಿಗಿಂತ ಇವನೇ ವಾಸಿ’ ಅನ್ನುವಲ್ಲಿ ಮೇಲು. ‘ಮುಕ್ಕಾಲುವಾಸಿ’ಯಲ್ಲಿ ಪಾಲು, ಅಂಶ. ಹಳೆಗಾವ್ಯ ಓದಿದವರು ‘ವಾಸಿ ಪಂಥ’ವನ್ನೂ ತರುತ್ತೀರಿ, ಅಲ್ಲಿ ಅದು ಛಲ. ತಮಿಳರಲ್ಲೂ ‘ಮುಕ್ಕಾಲ್‌ವಾಸಿ’ ಇದೆ. ತೆಲುಗರು ‘ರಾಶಿಗಿಂತ ವಾಸಿ’ ಅನ್ನುವ ಅರ್ಥದಲ್ಲಿ ಹೇಳುವ ಮಾತಲ್ಲಿ ವಾಸಿ ಅಂದರೆ ಗುಣಮಟ್ಟ. (‘ಬೆಂಗಳೂರುವಾಸಿ’ಯ ವಾಸಿ ಸಂಸ್ಕೃತದ್ದು, ಅದನ್ನು ಯಾರೂ ಈ ಎಳೆಗೆ ಎಳೆಯಬೇಡಿ ದಯವಿಟ್ಟು.) ನನ್ನ ಊಹೆ ಇಷ್ಟು. ಕಾಯಿಲೆ ‘ವಾಸಿ’ ಆಗುವುದು ಅಂದರೆ ಮೂಲದಲ್ಲಿ ಪೂರ್ತಿ ಹೋಗುವುದಲ್ಲ, ನಿನ್ನೆಗಿಂತ ಇವತ್ತು ಮೇಲಾಗುವುದು. ಪಾಲು ಪಾಲಾಗಿ ಮೇಲಾಗುವುದು. ಹಾಗಿದ್ದರೆ ಮೂರೂ ಅರ್ಥ ಒಂದೇ ಬೇರಿನಿಂದ ಬಂದಿರಬಹುದಲ್ವಾ? ಇಲ್ಲಿ ದ್ರಾವಿಡ ಭಾಷೆಗಳ ಬೇರು ಬಲ್ಲವರಿದ್ದೀರಿ. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.

ಇದು ಬರೀ ಕುತೂಹಲವಲ್ಲ. ನನ್ನ ಹಾಗೇ ಈ ಚಿಕಿತ್ಸೆಗೆ ಹೊರಟ ಇಬ್ಬರಿಗೆ ಆ ಹಾಳೆಯನ್ನು ತಿಳಿಯುವ ಕನ್ನಡದಲ್ಲಿ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಒಪ್ಪಿಕೊಂಡ ಮೇಲೆ ಗೊತ್ತಾಯಿತು, ಕಷ್ಟ ಎಲ್ಲಿದೆ ಅಂತ.

ಉದಾಹರಣೆಗೆ ‘ವಿಕಿರಣ ಸೂಸುವಿಕೆಯ ಸಾಮೀಪ್ಯವನ್ನು ವರ್ಜಿಸಿ’ ಅಂತಿತ್ತು. ಪಕ್ಕದ ಮನೆಯವರು ನೇರವಾಗಿ ಕೇಳಿದ್ದು, “ಅಂಟುತ್ತಾ?” ಅಂತ. ಅಂಟುವುದಿಲ್ಲ, ಆದರೆ ಮಕ್ಕಳು, ಬಸುರಿಯರು ಕೆಲವು ದಿನ ದೂರ ಇರಬೇಕು. ಇದನ್ನು ಹೇಗೆ ಹೇಳುವುದು? ನಮ್ಮ ದೊಡ್ಡತ್ತೆ ಒಬ್ಬರು ಫೋನಿನಲ್ಲಿ, “ಹತ್ತು ದಿನದ ಸೂತಕ ಅಂದ್ಕೊ” ಅಂದರು. ಬೇರೆ ಕೋಣೆ, ಬೇರೆ ತಟ್ಟೆ, ಎಣಿಸಿದ ದಿನ: ಹೋಲಿಕೆ ಚೆನ್ನಾಗಿಯೇ ಇದೆ. ಆದರೂ ನನಗೆ ಸೂತಕವೂ ಬೇಡ, ಮೈಲಿಗೆಯೂ ಬೇಡ. ಹೆಂಗಸರನ್ನೂ ಜನರನ್ನೂ ದೂರ ಇಡಲು ಸವೆದ ಪದಗಳು ಅವು. ಕಾಯಿಲೆಯವರ ಮೇಲೆ ಮತ್ತೆ ಹೊರಿಸುವುದು ಸರಿಯಲ್ಲ.

ನಾನು ಬರೆದುಕೊಂಡಿರುವುದು ‘ಕಾವು’. ಒಲೆ ಆರಿಸಿದರೂ ಕಾವು ಇರುತ್ತದೆ. ಹತ್ತಿರ ಹೋದರೆ ಜಾಸ್ತಿ, ದೂರ ಸರಿದರೆ ಕಮ್ಮಿ, ಹೊತ್ತು ಕಳೆದಂತೆ ತಾನೇ ಆರುತ್ತದೆ, ಪಕ್ಕದವರಿಗೆ ಅಂಟುವುದಿಲ್ಲ. ಈ ಅಯೋಡಿನ್ ಸೂಸುವ ಗಾಮಾ ಕಿರಣದ ನಡತೆ ಹೆಚ್ಚುಕಡಿಮೆ ಇದೇ. ‘2 ಮೀಟರ್ ಅಂತರ’ ಅನ್ನುವ ಬದಲು ‘ಒಂದು ಮಾರು ದೂರ’ ಅಂತ ಹಾಕಿದೆ. ಹೂವಿನವರ ಮಾರಲ್ಲ, ಎರಡೂ ಕೈ ಚಾಚಿ ಹಗ್ಗ ಅಳೆಯುವ ಮಾರು! ‘ಕಾವು’ ಅಂದರೆ ಮೈ ಬಿಸಿ ಅಂದುಕೊಂಡು ಎಳನೀರು ಕೊಡಲು ಹೊರಡುತ್ತಾರೆ ಅಂತ ನಮ್ಮ ಮನೆಯವರ ಆಕ್ಷೇಪ. ಕೊಡಲಿ ಬಿಡಿ, ಹೇಗಿದ್ದರೂ ನೀರು ಜಾಸ್ತಿ ಕುಡಿಯಬೇಕು.

ಆದರೆ ಕಾವು ಅರ್ಧ ಮಾತ್ರ ಹೇಳುತ್ತದೆ. ಕಿರಣ ಮೈಯಿಂದ ಹೊರಗೆ ಬರುವುದು ಒಂದು. ಅಯೋಡಿನ್ನೇ ಜೊಲ್ಲು, ಬೆವರು, ಮೂತ್ರದಲ್ಲಿ ಹೊರಗೆ ಬರುವುದು ಇನ್ನೊಂದು. ಜೊಲ್ಲಿನ ಗ್ರಂಥಿಗಳೂ ಅಯೋಡಿನ್ ಹೀರುತ್ತವೆ. ಹುಳಿ ಚಪ್ಪರಿಸಲು ಹೇಳುವುದು, ಚಮಚ ಲೋಟ ಬೇರೆ ಇಡಲು ಹೇಳುವುದು ಅದಕ್ಕೇ. ಹಾಳೆಯಲ್ಲಿ ಇದಕ್ಕೆ ‘ಮಾಲಿನ್ಯ’ ಅಂತಿತ್ತು. ಮಾಲಿನ್ಯ ಅಂದರೆ ನಮಗೆ ವಾಯುಮಾಲಿನ್ಯ. ಆಗ ಅತ್ತೆ ಮತ್ತೆ ಬಾಯಿ ಹಾಕಿದರು: “ಎಂಜಲು ಅಂತ ಬರೆಯೋಕೆ ಏನು ರೋಗ?” ನಿಜ! ಜೊಲ್ಲಿನ ಮೂಲಕ ಒಬ್ಬರದ್ದು ಇನ್ನೊಬ್ಬರಿಗೆ ಹೋಗುವುದಕ್ಕೆ ನಮ್ಮಲ್ಲಿ ಎಷ್ಟು ಹದವಾದ ಪದ ಇದೆ. ‘ಎಂಜಲು ಕಟ್ಟುನಿಟ್ಟಾಗಿ ಬೇರೆ ಇರಲಿ. ಕಕ್ಕಸಿಗೆ ಎರಡು ಸಲ ನೀರು ಬಿಡಿ.’ ಎರಡೇ ಸಾಲಿನಲ್ಲಿ ಮುಗಿಯಿತು.

ಇನ್ನು ‘ಥೈರಾಯ್ಡ್’ ಅನ್ನುವ ಪದವೇ ದೊಡ್ಡ ಗೋಜಲು. ‘ನನಗೆ ಥೈರಾಯ್ಡ್ ಇದೆ’ ಅನ್ನುತ್ತೇವೆ. ಎಲ್ಲರಿಗೂ ಇರುತ್ತದೆ! ನನಗೊಬ್ಬಳಿಗೇ ಈಗ ಅದು ಇಲ್ಲ, ಆದರೂ ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡುವವರು “ನಿನಗೆ ಥೈರಾಯ್ಡ್ ಅಲ್ವಾ” ಅನ್ನುತ್ತಾರೆ. ಇದಾದರೂ ನಗುವ ವಿಷಯ. ‘ಥೈರಾಯ್ಡ್ ಜಾಸ್ತಿ ಆಗಿದೆ’ ಅನ್ನುವುದು ಹಾಗಲ್ಲ. ಜನ ನೋಡುವುದು ರಕ್ತಪರೀಕ್ಷೆಯ ಟಿಎಸ್‌ಎಚ್ ಅಂಕಿಯನ್ನು. ಅದು ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ‘ಏಳು, ಕೆಲಸ ಮಾಡು’ ಅಂತ ಗದರಿಸುವ ಕೂಗು. ಥೈರಾಯ್ಡ್ ಸೋಮಾರಿಯಾದಷ್ಟೂ ಕೂಗು ಜೋರು. ಹಾಗಾಗಿ ಅಂಕಿ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಕಮ್ಮಿ ಅಂತ ಅರ್ಥ. ‘ಜಾಸ್ತಿ ಇದೆ’ ಅಂತ ತಾವೇ ತಿಳಿದು ಮಾತ್ರೆ ಬಿಟ್ಟವರನ್ನು ನಾನೇ ಕಂಡಿದ್ದೇನೆ. ‘ಕೂಗು ಜಾಸ್ತಿ, ಕೆಲಸ ಕಮ್ಮಿ’ ಅಂತ ಬರೆದರೆ ತೀರಾ ಮಕ್ಕಳ ಮಾತಾಗುತ್ತದೋ?

ಯಾರಾದರೂ ‘ಗುರಾಣಿ ಗ್ರಂಥಿ’ ಬಳಸಿ ಅನ್ನುತ್ತೀರಿ, ಗೊತ್ತು. 1656ರಲ್ಲಿ ಥಾಮಸ್ ವಾರ್ಟನ್ ಅನ್ನುವ ಇಂಗ್ಲಿಷ್ ವೈದ್ಯ ಇದಕ್ಕೆ ಹೆಸರಿಟ್ಟಾಗ ಗ್ರೀಕರ ಗುರಾಣಿಯೇ ಆ ಹೆಸರಿನಲ್ಲಿತ್ತು, ಅನುವಾದ ಸರಿಯೇ. ಆದರೆ ಔಷಧದಂಗಡಿಯಲ್ಲಿ ಗುರಾಣಿ ಮಾತ್ರೆ ಕೊಡಿ ಅಂದರೆ ಏನಾದೀತು? ಥೈರಾಯ್ಡ್ ಥೈರಾಯ್ಡೇ ಇರಲಿ.

ಕೊನೆಯದು ‘ಹುಷಾರು’. ಅಯೋಡಿನ್ ಕೊಡುವ ಮೊದಲು ಟಿಎಸ್‌ಎಚ್ 30 ದಾಟಬೇಕು ಅಂತ ನನಗೆ ನಾಲ್ಕು ವಾರ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಕೊಡಲಿಲ್ಲ. ಕೂಗು ಜೋರಾಗಬೇಕು, ಆಗಲೇ ಉಳಿದ ಚೂರುಗಳು ಹಸಿದು ಅಯೋಡಿನ್ ನುಂಗುತ್ತವೆ. ಜೊತೆಗೆ ಎರಡು ವಾರ ಅಯೋಡಿನ್ ಕಮ್ಮಿ ಇರುವ ಪಥ್ಯ. ಪೊಟ್ಟಣದ ಪುಡಿ ಉಪ್ಪು ಇಲ್ಲ, ಮೀನಿಲ್ಲ, ಹಾಲಿಲ್ಲ. (ಇದನ್ನು ‘ಉಪ್ಪಿಲ್ಲದ ಪಥ್ಯ’ ಅಂತ ಬರೆದವರೂ ಇದ್ದಾರೆ. ಉಪ್ಪು ಬಿಡಬೇಕಿಲ್ಲ, ಅಯೋಡಿನ್ ಸೇರಿಸಿದ ಉಪ್ಪು ಬಿಡಬೇಕು.) ಆ ನಾಲ್ಕು ವಾರ ಜ್ವರ ಇಲ್ಲ, ನೋವಿಲ್ಲ, ಆದರೆ ತಲೆಯೊಳಗೆ ಮಂಜು. ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿತು. ಮಗಳ ಹೆಸರಿಗೆ ತಡಕಾಡಿದೆ. “ಏನಾಗ್ತಿದೆ?” ಅಂದವರಿಗೆ “ಹುಷಾರಿಲ್ಲ” ಅಂತಷ್ಟೇ ಹೇಳಲಾಗುತ್ತಿತ್ತು. ಪಾರಸಿಯಿಂದ ಬಂದ ಈ ಪದದೊಳಗೆ ‘ಹೋಶ್’ ಇದೆ, ಅಂದರೆ ಎಚ್ಚರ, ಪ್ರಜ್ಞೆ. ನಾವು ಅದನ್ನು ಆರೋಗ್ಯಕ್ಕೆ ತಿರುಗಿಸಿಕೊಂಡಿದ್ದೇವೆ. ಆ ದಿನಗಳಲ್ಲಿ ನನಗೆ ಇಲ್ಲದೇ ಇದ್ದದ್ದು ಮೂಲಾರ್ಥದ ಹುಷಾರೇ.

ಈಗ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಅದಾಗಿ ಒಂದು ಗಂಟೆಗೆ ಕಾಫಿ. ಬದುಕಿರುವ ತನಕ ಹೀಗೇ. (ಕಾಫಿಗೆ ಕಾಯುವ ಆ ಒಂದು ಗಂಟೆಗೆ ಪದ ಹುಡುಕಿದರೆ ಬೈಗುಳವೇ ಆದೀತು.) ಸ್ಕ್ಯಾನಿನಲ್ಲಿ ಏನೂ ಉಳಿದಿಲ್ಲ ಅಂದಿದ್ದಾರೆ. ‘ಗುಣವಾಯಿತು’ ಅನ್ನೋಣ ಅಂದರೆ ದಿನಾ ಮಾತ್ರೆ ಇದೆ. ‘ಕಾಯಿಲೆ ಇದೆ’ ಅನ್ನೋಣ ಅಂದರೆ ಕಾಯಿಲೆ ಇಲ್ಲ. ಯಾರಾದರೂ ಕೇಳಿದರೆ ನಾನು ‘ವಾಸಿ’ ಅನ್ನುತ್ತೇನೆ. ಅದಕ್ಕೇ ಆ ಪದದ ಹುಟ್ಟು ತಿಳಿಯಬೇಕಿರುವುದು.

ಜೊತೆಗೆ ಒಂದು ಉಪಕಾರ. ಕೆಳಗಿನ ಸಾಲನ್ನು ಮನೆಯಲ್ಲಿ ಹಿರಿಯರಿಗೆ ಯಾರಿಗಾದರೂ, ಏನೂ ವಿವರಿಸದೆ, ಓದಿ ಹೇಳಿ. ಅವರು ಏನು ತಿಳಿದುಕೊಂಡರು ಅಂತ ಬರೆಯಿರಿ. ಮಂಗಳೂರು ಕಡೆಯವರಿಗೆ, ಬಳ್ಳಾರಿ, ಕಲಬುರಗಿ ಕಡೆಯವರಿಗೆ ‘ಅರೆವಾಸಿ’ ಬಳಕೆಯಲ್ಲಿದೆಯೋ ಅನ್ನುವುದೂ ಬೇಕು.

“ಈ ಔಷಧದ ಕಾವು ಎಂಟು ದಿನಕ್ಕೆ ಅರೆವಾಸಿ, ಹದಿನಾರು ದಿನಕ್ಕೆ ಮುಕ್ಕಾಲುವಾಸಿ ಆರುತ್ತದೆ. ಡಾಕ್ಟರು ಹೇಳಿದಷ್ಟು ದಿನ ಮಕ್ಕಳಿಂದ ಒಂದು ಮಾರು ದೂರ ಇರಿ.”