ಡಿಗ್ರಿಯಲ್ಲಿ ಕ್ರೀಡಾ ಮನೋವಿಜ್ಞಾನ ತಗೊಂಡ್ರೆ ವಾಲಿಬಾಲ್ ಕೋರ್ಟಿನಲ್ಲಿ ಉಪಯೋಗಕ್ಕೆ ಬರುತ್ತಾ?

ಪ್ರಶ್ನೆ: ಸಾಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೀನಿ, ಕಾಲೇಜು ವಾಲಿಬಾಲ್ ತಂಡದಲ್ಲಿ ಆಡ್ತೀನಿ. ಮುಂದಿನ ಸೆಮಿಸ್ಟರಿಗೆ ಎಲೆಕ್ಟಿವ್ ಆರಿಸಿಕೊಂಡು ಸೋಮವಾರದೊಳಗೆ ಫಾರಂ ಕೊಡಬೇಕು. ನನಗೆ ಟೈಮ್ ಟೇಬಲ್ ಹೊಂದೋದು ಎರಡೇ: ಟ್ಯಾಲಿ, ಇಲ್ಲಾ ಕ್ರೀಡಾ ಮನೋವಿಜ್ಞಾನ. ಅಪ್ಪ ಟ್ಯಾಲಿ ತಗೋ, ನಾಳೆ ಅಂಗಡೀಲಾದ್ರೂ ಕೆಲಸ ಸಿಗುತ್ತೆ ಅಂತಾರೆ. ಅದೂ ಸರಿಯೇ.

ಆದ್ರೆ ನನ್ನ ಕಷ್ಟ ಬೇರೆ. ಪ್ರಾಕ್ಟೀಸಲ್ಲಿ ನನ್ನ ಫ್ಲೋಟ್ ಸರ್ವ್ (ಚೆಂಡು ಸುತ್ತದೆ ತೇಲಿ ಹೋಗೋ ಸರ್ವ್) ಚೆನ್ನಾಗೇ ಬೀಳುತ್ತೆ. ಮ್ಯಾಚಲ್ಲೂ 15, 16 ಪಾಯಿಂಟ್‌ವರೆಗೆ ಏನೂ ತೊಂದರೆ ಇಲ್ಲ. ಸೆಟ್ ಮುಗಿಯೋ ಹೊತ್ತು, 22, 23 ಆಯ್ತು ಅಂದ್ರೆ ಅಂಗೈ ಬೆವರುತ್ತೆ, ತೋಳು ಮರಗಟ್ಟಿದ ಹಾಗಾಗುತ್ತೆ, ಸರ್ವ್‌ಗೆ ಚೆಂಡು ಮೇಲೆಸೆಯೋ ಟಾಸ್ ತಲೆ ಹಿಂದಕ್ಕೆ ಹೋಗುತ್ತೆ, ಚೆಂಡು ನೆಟ್‌ಗೆ. ಹೊರಗಿಂದ ಕೋಚ್ "ಮೊಣಕೈ ಎತ್ತು! ಟಾಸ್ ನೋಡು!" ಅಂತ ಕೂಗ್ತಾ ಇರ್ತಾರೆ. ಅವರು ನನ್ನ ಒಳ್ಳೇದಕ್ಕೇ ಹೇಳೋದು, ಆದ್ರೆ ಅದು ಕೇಳಿದ ಮೇಲೆ ಇನ್ನೂ ಕೆಡುತ್ತೆ. ಹೋದ ಅಂತರ ಕಾಲೇಜು ಟೂರ್ನಿ ಆದ್ಮೇಲೆ ಸರ್ವ್ ಸರದಿ ಬರೋ ಮುಂಚೆನೇ ಹೊಟ್ಟೆ ತೊಳಸೋಕೆ ಶುರು ಆಗಿದೆ.

ಈ ಕೋರ್ಸ್ ಓದಿದ್ರೆ ಇದಕ್ಕೆ ಏನಾದ್ರೂ ದಾರಿ ಇದೆಯಾ? ಅಥವಾ ವ್ಯಾಖ್ಯೆ ಬಾಯಿಪಾಠ ಮಾಡಿ ಪರೀಕ್ಷೆ ಬರೆಯೋದಷ್ಟೇನಾ? ಓದಿದವರು, ಪಾಠ ಮಾಡಿದವರು ಇದ್ರೆ ದಯವಿಟ್ಟು ಹೇಳಿ.

ಉತ್ತರ: ಹಳೇ ಸೆಟ್ಟರ್, ಧಾರವಾಡ

ತಂಗಿ, ನಾ ನಿಷ್ಠುರ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ನಾವು ಆಡೋ ಕಾಲಕ್ಕ ಈ ಕೋರ್ಸು ಗೀರ್ಸು ಏನೂ ಇದ್ದಿಲ್ಲ. ಮುಂಜಾನೆ ಎದ್ದು ಗ್ರೌಂಡಿಗೆ ಹೋಗಿ ತೋಳು ಸೋಲೋತನಕ ಸರ್ವ್ ಹೊಡೀತಿದ್ವಿ. ಕೈಗೆ ರೂಢಿ ಆತಂದ್ರ ಧೈರ್ಯ ತಾನ ಬರ್ತದ. ಪುಸ್ತಕದಾಗ ಓದಿ ಯಾರ ಕೈ ನಡುಗೋದೂ ನಿಂತಿಲ್ಲ. ನಿಮ್ಮ ಅಪ್ಪಾರು ಹೇಳಿದ್ದು ಖರೇ ಅದ. ಟ್ಯಾಲಿ ತಗೋ, ಸಂಜಿಗೆ ಗ್ರೌಂಡಿಗೆ ಹೋಗು.

ಉತ್ತರ: ಪಿ.ಡಿ. ಮೇಡಂ, ಹಾಸನ

ಮೇಲಿನ ಸರ್ ಹೇಳಿದ್ದರಲ್ಲಿ ಅರ್ಧ ಮಾತು ಒಪ್ತೀನಿ: ಕೈಗೆ ರೂಢಿ ಇಲ್ಲದೆ ಯಾವ ಮನೋವಿಜ್ಞಾನವೂ ಉಪಯೋಗಕ್ಕೆ ಬರಲ್ಲ. ಆದರೆ ಈ ಹುಡುಗಿಗೆ ರೂಢಿ ಇದೆ. ಪ್ರಾಕ್ಟೀಸಲ್ಲಿ ಬೀಳೋ ಸರ್ವ್ 23ರಲ್ಲಿ ಬೀಳ್ತಿಲ್ಲ ಅಂದ್ರೆ ಕೊರತೆ ತೋಳಿನದಲ್ಲ. ಇನ್ನೂ ನೂರು ಸರ್ವ್ ಹೊಡೆಸಿದ್ರೆ ತೋಳು ನೋಯುತ್ತೆ, ಅಷ್ಟೆ.

ನಾನು ಹಾಸನದ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಫಿಸಿಕಲ್ ಡೈರೆಕ್ಟರ್, ಈ ಪೇಪರ್ ನಾನೇ ಪಾಠ ಮಾಡೋದು. ಕಾಲೇಜಿನಲ್ಲಿ ಇದನ್ನ ಕಲಿಸೋದು ಇತ್ತೀಚಿನ ಶೋಕಿ ಅಂತ ಯಾರೂ ತಿಳ್ಕೋಬೇಡಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೋಲ್ಮನ್ ಗ್ರಿಫಿತ್ ಅನ್ನೋರು 1923ರಲ್ಲೇ ಕ್ರೀಡಾಪಟುಗಳಿಗೆ ಮನೋವಿಜ್ಞಾನದ ಕೋರ್ಸ್ ಮಾಡಿದ್ರು, 1925ರಲ್ಲಿ ಅದಕ್ಕೊಂದು ಪ್ರಯೋಗಾಲಯ ಕಟ್ಟಿದ್ರು. 1938ರಲ್ಲಿ ಚಿಕಾಗೋ ಕಬ್ಸ್ ಬೇಸ್‌ಬಾಲ್ ತಂಡ ಅವರನ್ನ ಕರೆಸಿಕೊಂಡಾಗ ತಂಡದ ಮ್ಯಾನೇಜರ್‌ಗೆ ಅವರ ಮಾತು ಹಿಡಿಸಲಿಲ್ಲ. ಧಾರವಾಡದ ಸರ್‌ಗೆ ಇರೋ ಅನುಮಾನ ಆಗಲೂ ಇತ್ತು.

ಈಗ ನಿನ್ನ ವಿಷಯಕ್ಕೆ ಬರ್ತೀನಮ್ಮ. ಪಾಠದಲ್ಲಿ ಆತಂಕವನ್ನ ಎರಡಾಗಿ ನೋಡ್ತೀವಿ. ಅಂಗೈ ಬೆವರು, ಹೊಟ್ಟೆ ತೊಳಸೋದು, ತೋಳು ಬಿಗಿಯೋದು ದೇಹದ ಆತಂಕ. "ಇದೂ ನೆಟ್‌ಗೆ ಹೋದ್ರೆ ಎಲ್ಲರೂ ಏನಂತಾರೆ" ಅನ್ನೋದು ಮನಸ್ಸಿನ ಆತಂಕ. ಎರಡಕ್ಕೂ ಒಂದೇ ಮದ್ದು ಅಲ್ಲ. ದೇಹದ್ದಕ್ಕೆ ಉಸಿರು ಇದೆ, ಸ್ನಾಯು ಬಿಗಿಹಿಡಿದು ಬಿಡೋ ಅಭ್ಯಾಸ ಇದೆ. ಮನಸ್ಸಿನದ್ದಕ್ಕೆ "ಯೋಚನೆ ಮಾಡಬೇಡ" ಅಂದ್ರೆ ಆಗಲ್ಲ, ಅದಕ್ಕೆ ಒಂದು ಕೆಲಸ ಕೊಡಬೇಕು.

ಏನು ಕೆಲಸ ಅನ್ನೋದೇ ಮುಖ್ಯ. ನಿಮ್ಮ ಕೋಚ್ ಕೂಗೋ "ಮೊಣಕೈ ಎತ್ತು" ಹೊಸದಾಗಿ ಕಲಿಯೋ ಹುಡುಗೀರಿಗೆ ಒಳ್ಳೇ ಸಲಹೆ. ಸರ್ವ್ ಕೈಗೆ ಕೂತವರಿಗೆ ಮ್ಯಾಚಿನ ನಡುವೆ ಅದು ತೊಡಕು. ಅಮೆರಿಕದ ಸಂಶೋಧಕಿ ಸಿಯಾನ್ ಬೈಲಾಕ್ ಮತ್ತು ಜೊತೆಯವರು 2002ರಲ್ಲಿ ಫುಟ್‌ಬಾಲ್ ಆಡೋರ ಮೇಲೆ ಒಂದು ಪ್ರಯೋಗ ಮಾಡಿದ್ರು. ಚೆಂಡು ಡ್ರಿಬಲ್ ಮಾಡ್ತಾ ಪಾದದ ಯಾವ ಭಾಗ ತಾಗ್ತಿದೆ ಅಂತ ಗಮನ ಇಡಿ ಅಂದಾಗ, ಹೊಸಬರ ಆಟ ಸುಧಾರಿಸಿತು, ನುರಿತವರದ್ದು ಅವರ ಒಗ್ಗಿದ ಕಾಲಲ್ಲೇ ನಿಧಾನ ಆಯ್ತು. ಮೆಟ್ಟಿಲು ಇಳಿಯುವಾಗ ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಟ್ಟರೆ ಕಾಲು ತಡವರಿಸುತ್ತಲ್ಲ, ಹಾಗೆ. 23ರಲ್ಲಿ ನೀನು ನಿನ್ನ ಮೊಣಕೈಯನ್ನೇ ನೋಡ್ತಾ ನಿಂತಿದ್ದೀಯ. ಅದು ತನ್ನಷ್ಟಕ್ಕೆ ಮಾಡ್ತಿದ್ದ ಕೆಲಸಕ್ಕೆ ನೀನೇ ಅಡ್ಡ ನಿಂತ ಹಾಗಾಯ್ತು.

ಗಮನವನ್ನ ಮೈಯಿಂದ ಹೊರಗೆ ಇಡು. ಕೆನಡಾದ ಜೋನ್ ವಿಕರ್ಸ್ 1996ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ಕಣ್ಣಿನ ಚಲನೆ ಅಳೆದು ನೋಡಿದ್ರು. ಫ್ರೀ ಥ್ರೋನಲ್ಲಿ ಪಳಗಿದವರ ನೋಟ ಕೈ ಎತ್ತೋ ಮುಂಚೆ ರಿಂಗ್ ಮೇಲೆ ಹೆಚ್ಚು ಹೊತ್ತು ನೆಟ್ಟಿರುತ್ತಿತ್ತು. ಸರ್ವ್‌ನಲ್ಲಿ ಟಾಸ್ ಆದ ಮೇಲೆ ಕಣ್ಣು ಚೆಂಡಿಗೆ ಹೋಗಲೇಬೇಕು, ಆದ್ರೆ ಅದಕ್ಕೂ ಮುಂಚೆ ಚೆಂಡು ಬೀಳಬೇಕಾದ ಜಾಗದಲ್ಲಿ ನೋಟ ನಿಲ್ಲಿಸಬಹುದು. ಎದುರು ಕೋರ್ಟಲ್ಲಿ ಹಿಂದಿನ ಸಾಲಿನ 1 ಮತ್ತು 6ನೇ ನಂಬರ್ ಜಾಗಗಳ ನಡುವೆ ಅಂತ ಇಟ್ಕೋ. "ಆ ಕಡೆ" ಅಂತಲ್ಲ, ಮಣ್ಣಲ್ಲಿ ಒಂದು ಗುರುತು ಹಿಡಿದು ನೋಡು.

ಇನ್ನೊಂದು ಮಾತು. ರೆಫರಿ ಸೀಟಿ ಊದಿದ ಮೇಲೆ ಸರ್ವ್‌ಗೆ 8 ಸೆಕೆಂಡ್ ಇದೆ. ಹೆದರಿದ ಹುಡುಗೀರು ಎರಡೇ ಸೆಕೆಂಡಲ್ಲಿ ಹೊಡೆದು ಮುಗಿಸ್ತಾರೆ, "ಒಂದ್ಸಲ ಮುಗಿದುಹೋಗಲಿ" ಅನ್ನೋ ಹಾಗೆ. ನಾನು ಸೈಡ್‌ಲೈನ್‌ನಲ್ಲಿ ನಿಂತು ಇದನ್ನ ಎಷ್ಟೋ ಸಲ ನೋಡಿದ್ದೀನಿ. ನಾರ್ವೆಯ ಗೈರ್ ಯೊರ್ಡೆಟ್ ಫುಟ್‌ಬಾಲ್ ಪೆನಾಲ್ಟಿ ಶೂಟೌಟ್‌ಗಳ ವಿಡಿಯೊ ಕೂತು ನೋಡಿ ಇದನ್ನೇ ಕಂಡುಕೊಂಡ್ರು: ಸೀಟಿ ಬಿದ್ದ ತಕ್ಷಣ ಓಡಿ ಒದೆಯೋರು ಗೋಲು ಕಳ್ಕೊಳ್ಳೋದು ಹೆಚ್ಚು. ಆ 8 ಸೆಕೆಂಡ್ ನಿಂದು, ಅದನ್ನ ಬಳಸ್ಕೋ. ನನ್ನ ಹುಡುಗೀರಿಗೆ ಹೀಗೆ ಕಲಿಸ್ತೀನಿ: ಸೀಟಿ ಬಿತ್ತು, ಚೆಂಡು ಎರಡು ಸಲ ನೆಲಕ್ಕೆ, ಬಾಯಿಂದ ಉದ್ದಕ್ಕೆ ಒಂದು ಉಸಿರು ಹೊರಗೆ, ಗುರುತಿನ ಮೇಲೆ ಕಣ್ಣು, ಮನಸ್ಸಲ್ಲಿ ಒಂದೇ ಪದ, ಟಾಸ್. ಪದ ಅವರವರದು. ಒಬ್ಬಳು "ಮಟ್ಟ" ಅಂತಾಳೆ, ಇನ್ನೊಬ್ಬಳು "ಬಡಿ" ಅಂತಾಳೆ. ಇದೆಲ್ಲ 5, 6 ಸೆಕೆಂಡಲ್ಲಿ ಮುಗಿಯುತ್ತೆ. ಪ್ರಾಕ್ಟೀಸಲ್ಲಿ ಪ್ರತಿ ಸರ್ವ್‌ಗೂ ಇದನ್ನೇ ಮಾಡಬೇಕು. ಮ್ಯಾಚ್ ದಿನ ಮಾತ್ರ ಮಾಡಿದ್ರೆ ಅದೇ ಇನ್ನೊಂದು ಗಾಬರಿ ಆಗುತ್ತೆ.

ಹಾಗಾದ್ರೆ ಕೋರ್ಸ್ ಯಾಕೆ ಅಂತ ಕೇಳಬಹುದು. ಇದನ್ನ ನಾನು ಇಲ್ಲಿ ಬರೆದೆ, ನೀನು ಓದಿದೆ. ಅದನ್ನ ಒಂದು ಸೆಮಿಸ್ಟರ್ ಪೂರ್ತಿ ಯಾರಾದ್ರೂ ಪಕ್ಕದಲ್ಲಿ ನಿಂತು ಮಾಡಿಸಬೇಕು, ಬರೆದಿಡಿಸಬೇಕು. ಒಳ್ಳೇ ಮೇಷ್ಟ್ರು ಸಿಕ್ಕಿದ್ರೆ ಕೋರ್ಸ್ ಅಂದ್ರೆ ಅದೇ.

ಉತ್ತರ: ಬಿ.ಪಿ.ಎಡ್. ಮುಗಿಸಿದವನು, ಬೆಂಗಳೂರು

ನಾನು ಡಿಗ್ರಿಯಲ್ಲೂ, ದೈಹಿಕ ಶಿಕ್ಷಣ ಶಿಕ್ಷಕರ ಕೋರ್ಸಾದ ಬಿ.ಪಿ.ಎಡ್.ನಲ್ಲೂ ಈ ವಿಷಯ ಓದಿದ್ದೀನಿ, ಎರಡು ಕಡೆ ಅನುಭವ ಬೇರೆ ಬೇರೆ. ಡಿಗ್ರಿಯಲ್ಲಿ ನೋಟ್ಸ್ ಹೇಳಿ ಬರೆಸೋದಷ್ಟೇ ಆಯ್ತು. ಟ್ರಿಪ್ಲೆಟ್ ಅನ್ನೋ ಮನೋವಿಜ್ಞಾನಿ 1898ರಲ್ಲಿ, ಜೊತೆಗೆ ಪೈಪೋಟಿ ಇದ್ದರೆ ಸೈಕಲ್ ಸವಾರರು ಜೋರಾಗಿ ಓಡಿಸ್ತಾರೆ ಅಂತ ಬರೆದದ್ದು ಬಾಯಿಪಾಠ ಮಾಡಿ ಅಂಕ ತಗೊಂಡೆ. ಅದೇ ಟ್ರಿಪ್ಲೆಟ್ ಮಕ್ಕಳ ಕೈಲಿ ಮೀನಿನ ಗಾಳದ ರೀಲ್ ಸುತ್ತಿಸಿದಾಗ ಜೊತೆಗೆ ಸ್ಪರ್ಧಿ ಇದ್ದರೆ ಕೆಲವರು ಬೇಗ ಸುತ್ತಿದರು, ಕೆಲವರಿಗೆ ಗಾಬರಿಯಾಗಿ ನಿಧಾನ ಆಯ್ತು ಅನ್ನೋ ಭಾಗವನ್ನ ಯಾರೂ ಹೇಳಲೇ ಇಲ್ಲ. ನಮ್ಮಂಥವರಿಗೆ ಬೇಕಾಗಿದ್ದದ್ದು ಅದೇ.

ಬಿ.ಪಿ.ಎಡ್.ನಲ್ಲಿ ಸ್ಪರ್ಧೆಯ ಆತಂಕ ಅಳೆಯೋ ಸ್ಕ್ಯಾಟ್ ಅನ್ನೋ ಪ್ರಶ್ನಾವಳಿ ನಮ್ಮ ಕೈಯಲ್ಲೇ ತುಂಬಿಸಿದರು. 15 ವಾಕ್ಯ, ಪ್ರತಿಯೊಂದಕ್ಕೂ ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ ಅಂತ ಮೂರು ಉತ್ತರ. 5 ವಾಕ್ಯಕ್ಕೆ ಅಂಕವೇ ಇಲ್ಲ, ಉಳಿದ 10ಕ್ಕೆ ಮಾತ್ರ. ಒಟ್ಟು 10ರಿಂದ 30ರ ಒಳಗೆ ಬರುತ್ತೆ. ಅಂಕಕ್ಕಿಂತ ಆಮೇಲೆ ನಡೆದ ಮಾತುಕತೆ ದೊಡ್ಡದು. ತಂಡದಲ್ಲಿ ಯಾರಿಗೂ ಹೆದರದವನು ಅಂತ ನಾವೆಲ್ಲ ಅಂದ್ಕೊಂಡಿದ್ದ ಕಬಡ್ಡಿ ರೈಡರ್‌ಗೆ ಎಲ್ಲರಿಗಿಂತ ಹೆಚ್ಚು ಬಂದಿತ್ತು. ಪಾಯಿಂಟ್ ತರಲೇಬೇಕಾದ ಡೂ ಆರ್ ಡೈ ರೈಡ್‌ಗೆ ಹೋಗೋ ಮುಂಚೆ ಪ್ರತಿ ಸಲ ಬಾತ್‌ರೂಮಿಗೆ ಓಡ್ತೀನಿ ಅಂತ ಅವತ್ತೇ ಬಾಯಿಬಿಟ್ಟ. ಒಳಗೆ ಹೆದರಿಕೆ ಇಟ್ಕೊಂಡೇ ಚೆನ್ನಾಗಿ ಆಡಬಹುದು ಅಂತ ನಮಗೆಲ್ಲ ಗೊತ್ತಾಗಿದ್ದು ಆಗ.

ತಂಗಿ, ಫಾರಂ ಕೊಡೋ ಮುಂಚೆ ಸೀನಿಯರ್‌ಗಳ ಪ್ರಾಕ್ಟಿಕಲ್ ರೆಕಾರ್ಡ್ ಬುಕ್ ಒಂದು ತೆಗೆಸಿ ನೋಡು. ಅದರಲ್ಲಿ ಗ್ರೌಂಡಿನ ಕೆಲಸ ಕಂಡ್ರೆ ತಗೋ. ಬರೀ ಚಿತ್ರ ಅಂಟಿಸಿದ್ದು ಕಂಡ್ರೆ ಟ್ಯಾಲಿಗೆ ಹೋಗು.

ಉತ್ತರ: ಹಳೇ ಸೆಟ್ಟರ್, ಧಾರವಾಡ

ಮೇಡಮ್ಮಾರ ಮಾತು ಪೂರಾ ಓದೀನ್ರಿ. ಆ 8 ಸೆಕೆಂಡಿನ ಮಾತು ಖರೇ. ನಮ್ಮ ಹುಡುಗೂರಿಗೂ ನಾಳಿಂದ ಹಂಗ ಮಾಡಸ್ತೀನಿ. ಆದ್ರ ಒಂದ ಕೇಳ್ತೀನಿ: ಗ್ರೌಂಡಿನಾಗ ಎಷ್ಟ ಮಾಡಿಸಿದ್ರೂ ಅದು ಪ್ರಾಕ್ಟೀಸ ಆತು. ಮ್ಯಾಚಿನ ಭಯ ಪ್ರಾಕ್ಟೀಸಿನಾಗ ಎಲ್ಲಿಂದ ತರೋದ್ರಿ?

ಉತ್ತರ: ಪಿ.ಡಿ. ಮೇಡಂ, ಹಾಸನ

ಒಳ್ಳೇ ಪ್ರಶ್ನೆ ಸರ್. ಪೂರ್ತಿ ತರೋಕೆ ಆಗಲ್ಲ, ಸ್ವಲ್ಪ ತಂದ್ರೂ ಸಾಕು. ನೆದರ್ಲೆಂಡ್ಸ್‌ನಲ್ಲಿ ಒಂದು ಪ್ರಯೋಗಕ್ಕೆ ಕ್ಲೈಂಬಿಂಗ್ ಗೋಡೆ ಮೇಲೆ ಎತ್ತರದಲ್ಲಿ ನಿಲ್ಲಿಸಿ ಡಾರ್ಟ್ ಎಸೆಸಿದ್ದರು. ಸೌಮ್ಯವಾದ ಹೆದರಿಕೆಯಲ್ಲಿ ಅಭ್ಯಾಸ ಮಾಡಿದವರು ಆಮೇಲೆ ಒತ್ತಡದಲ್ಲೂ ಕೈ ಕಳ್ಕೊಳ್ಳಲಿಲ್ಲ. ನಮಗೆ ಗೋಡೆ ಬೇಡ. ಸಂಜೆ ಪ್ರಾಕ್ಟೀಸ್ ಕೊನೆಗೆ ಬೋರ್ಡ್ ಮೇಲೆ 23–24 ಅಂತ ಬರೀತೀನಿ. ಒಬ್ಬಳನ್ನ ಸರ್ವ್‌ಗೆ ನಿಲ್ಲಿಸಿ ಉಳಿದವರಿಗೆ ಲೈನ್ ಮೇಲೆ ನಿಂತು ಕೂಗೋಕೆ ಹೇಳ್ತೀನಿ. ಹಾಸ್ಟೆಲ್ ಹುಡುಗೀರನ್ನೂ ಕರೆಸ್ತೀನಿ. ಸರ್ವ್ ತಪ್ಪಿದ್ರೆ ಇಡೀ ತಂಡ ಒಂದು ಸುತ್ತು ಓಡಬೇಕು, ಅವಳೊಬ್ಬಳೇ ಅಲ್ಲ. ತನ್ನಿಂದ ಬೇರೆಯವರಿಗೆ ಕಷ್ಟ ಅನ್ನೋದೇ ಮ್ಯಾಚಿನ ಭಾರ. ಆ ಭಾರದಲ್ಲಿ ಎರಡು ಸಲ ಚೆಂಡು ನೆಲಕ್ಕೆ ಕುಟ್ಟಿ ಉಸಿರು ಬಿಡೋದನ್ನ ಕಲಿಯಬೇಕು.

ಪ್ರಶ್ನೆ ಕೇಳಿದವರು: ಸಾಗರದ ಹುಡುಗಿ

ಮೇಡಂ, ಸರ್, ಅಣ್ಣ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೀನಿಯರ್ ಅಕ್ಕನ ರೆಕಾರ್ಡ್ ಬುಕ್ ನಾಳೆ ನೋಡ್ತೀನಿ. ಇನ್ನೊಂದು ಕೇಳಬೇಕು. ಟೂರ್ನಿ ಆದ ಮೇಲೆ ನಿದ್ದೆ ಸರಿಯಾಗಿ ಬರ್ತಿಲ್ಲ, ಊಟ ಸೇರ್ತಿಲ್ಲ. ಇದೂ ಕೋರ್ಸಲ್ಲಿ ಬರುತ್ತಾ? ಹೇಳೋಕೆ ನಾಚಿಕೆ ಆಗುತ್ತೆ, ಬರೀ ಒಂದು ಆಟಕ್ಕೆ ಇಷ್ಟಾ ಅಂತ.

ಉತ್ತರ: ಪಿ.ಡಿ. ಮೇಡಂ, ಹಾಸನ

ನಾಚಿಕೆ ಪಡೋದು ಏನೂ ಇಲ್ಲ ಮಗಳೇ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ತಂಡದ ಫೈನಲ್‌ನ ನಡುವೆಯೇ ಹಿಂದೆ ಸರಿದಳು. ಗಾಳಿಯಲ್ಲಿ ತಿರುಗುವಾಗ ತಾನು ಎಲ್ಲಿದ್ದೀನಿ ಅಂತಲೇ ಅವಳಿಗೆ ತಿಳೀತಿರಲಿಲ್ಲ. ಥೆರಪಿ ತಗೊಂಡಳು, 2024ರಲ್ಲಿ ಪ್ಯಾರಿಸ್‌ಗೆ ಹೋಗಿ ಮೂರು ಚಿನ್ನ ಗೆದ್ದಳು.

ಆದರೆ ಇದು ಕೋರ್ಸಿನ ಕೆಲಸ ಅಲ್ಲ, ನನ್ನಂಥ ಪಿ.ಡಿ.ಯ ಕೆಲಸವೂ ಅಲ್ಲ. ನಾವು ಸರ್ವ್ ತಿದ್ದಬಹುದು. ನಿದ್ದೆ, ಊಟ ಕೆಟ್ಟಿದ್ದರೆ ಅದಕ್ಕೆ ಕಲಿತವರೇ ಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದ್ರೂ. ಕಾಲೇಜಲ್ಲಿ ಕೌನ್ಸೆಲರ್ ಇದ್ದರೆ ಅವರನ್ನೂ ನೋಡು. ಮನೆಯಲ್ಲಿ ಅಮ್ಮನಿಗೆ ಹೇಳು. ಎಲೆಕ್ಟಿವ್ ಯಾವುದು ಅನ್ನೋದು ಸೋಮವಾರದ ಮಾತು, ಫೋನ್ ಇವತ್ತೇ ಮಾಡು.

ಇನ್ನು ಕೋಚ್ ಹತ್ತಿರ ಮ್ಯಾಚ್ ಇಲ್ಲದ ದಿನ ಹೋಗಿ ಮೆಲ್ಲಗೆ ಕೇಳು: "ಸರ್, ಸರ್ವ್ ಸರದೀಲಿ ಮೊಣಕೈ ಬದಲು ಜಾಗದ ನಂಬರ್ ಮಾತ್ರ ಹೇಳ್ತೀರಾ?" ಬಹಳಷ್ಟು ಕೋಚ್‌ಗಳು ಒಪ್ತಾರೆ. ಅವರಿಗೂ ಆ ಪಾಯಿಂಟ್ ಬೇಕು.