ಓದುಗರ ಸ್ಪಂದನ: ‘ಏನಾದರೂ ಬೇಕಾದರೆ ಹೇಳಿ’ ಎಂದು ಬಂದುಬಿಟ್ಟೆ

ಕಳೆದ ಸಂಚಿಕೆಯ ಸಮಸ್ಯೆ: ನಮ್ಮ ಚರ್ಚಿನ ಸಭೆಯ ಅಕ್ಕನೊಬ್ಬರ ಗಂಡನಿಗೆ ಪಾರ್ಶ್ವವಾಯು ಬಡಿದು ಐದು ತಿಂಗಳಾಯಿತು. ಮೊದಲ ಎರಡು ವಾರ ಮನೆ ತುಂಬ ಜನ, ಈಗ ಯಾರೂ ಇಲ್ಲ. ಭಾನುವಾರ ಆರಾಧನೆ ಮುಗಿಸಿ ಹೊರಡುವಾಗ ಸಿಕ್ಕರೆ ‘ಪ್ರಾರ್ಥನೆಯಲ್ಲಿ ನೆನೆಯುತ್ತಿದ್ದೇನೆ, ಏನಾದರೂ ಬೇಕಾದರೆ ಹೇಳಿ’ ಎನ್ನುತ್ತೇನೆ. ಅವರು ‘ಆಗಲಿ’ ಎನ್ನುತ್ತಾರೆ. ಅವರು ಕೇಳಿಲ್ಲ, ನಾನು ಹೋಗಿಲ್ಲ. ನನಗೂ ಕೆಲಸವಿದೆ, ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಒಮ್ಮೆ ಶುರು ಮಾಡಿದರೆ ನಡುವೆ ಬಿಡಲಾಗದು ಎಂಬ ಭಯ ಬೇರೆ. ನನ್ನ ಕನಿಕರ ಬರೀ ಬಾಯಿಮಾತೇ?

*

ತಂಗಿ, ಆ ಅಕ್ಕನ ಜಾಗದಲ್ಲಿ ಮೂರು ವರ್ಷ ಇದ್ದವಳು ನಾನು. ‘ಏನಾದರೂ ಬೇಕಾದರೆ ಹೇಳಿ’ ಎಂದವರ ಮೇಲೆ ನನಗೆ ಸಿಟ್ಟು ಬರುತ್ತಿರಲಿಲ್ಲ, ಸುಸ್ತಾಗುತ್ತಿತ್ತು. ಏನು ಬೇಕೆಂದು ನಾನೇ ಯೋಚಿಸಬೇಕು, ಇವರನ್ನು ಕೇಳಬಹುದಾ ಎಂದು ಅಳೆದು ನೋಡಬೇಕು, ಆಮೇಲೆ ಬಾಯಿಬಿಟ್ಟು ಬೇಡಬೇಕು. ರಾತ್ರಿಯಿಡೀ ಎರಡೆರಡು ಗಂಟೆಗೊಮ್ಮೆ ಎದ್ದು ಗಂಡನ ಮಗ್ಗುಲು ಬದಲಿಸುವವಳಿಗೆ (ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ) ಅಷ್ಟು ತ್ರಾಣ ಎಲ್ಲಿಂದ ಬರಬೇಕು? ಅದಕ್ಕೇ ‘ಆಗಲಿ’ ಎಂದು ಮುಗಿಸುತ್ತಿದ್ದೆ. ನಿಮ್ಮ ಅಕ್ಕನ ‘ಆಗಲಿ’ಯೂ ಅಂಥದ್ದೇ ಇರಬೇಕು.

ಒಬ್ಬರು ಮಾತ್ರ ಹಾಗೆ ಕೇಳಲಿಲ್ಲ. ನಮಗೆ ಅಷ್ಟೇನೂ ಬಳಕೆಯಿಲ್ಲದವರು. ‘ಗುರುವಾರ ನಾಲ್ಕಕ್ಕೆ ಬರ್ತೀನಿ, ಐದೂವರೆವರೆಗೆ ಯಜಮಾನರ ಹತ್ತಿರ ಕೂತಿರ್ತೀನಿ, ನೀವು ಮಲಕ್ಕೊಳ್ಳಿ’ ಅಂದರು. ಮೊದಲ ಗುರುವಾರ ಸಂಕೋಚಕ್ಕೆ ನಾನು ಮಲಗಲಿಲ್ಲ, ಗುಡಿಸಿದ ಮನೆಯನ್ನೇ ಮತ್ತೆ ಗುಡಿಸಿದೆ. ಎರಡನೆಯ ವಾರ ಎಚ್ಚರ ತಪ್ಪಿದಂತೆ ನಿದ್ದೆ. ಎದ್ದು ಬಂದರೆ ಅವರು ಇವರಿಗೆ ಪತ್ರಿಕೆ ಓದಿ ಹೇಳುತ್ತಿದ್ದರು. ನನ್ನ ಕಷ್ಟ ವಿಚಾರಿಸಲಿಲ್ಲ, ಬೈಬಲ್ ವಚನ ಹೇಳಲಿಲ್ಲ, ಚಪ್ಪಲಿ ಮೆಟ್ಟಿ ಹೊರಟರು. ಬರಲಾಗದ ವಾರ ಹಿಂದಿನ ದಿನವೇ ತಿಳಿಸುತ್ತಿದ್ದರು. ನಮ್ಮ ಯಜಮಾನರು ತೀರಿಕೊಂಡು ಎಷ್ಟೋ ಕಾಲವಾಯಿತು. ಗುರುವಾರ ನಾಲ್ಕು ಹೊಡೆದರೆ ಈಗಲೂ ನನ್ನ ಕಣ್ಣು ಬಾಗಿಲಿಗೆ ಹೋಗುತ್ತದೆ.

– ಹೆಸರು ಬೇಡ

*

ನಾನು ನರ್ಸ್. ಹೋದಾಗ ಪ್ರೀತಿಯಿಂದಲೇ ಆದರೂ ಅವರ ಬಾಯಿಗೆ ನೀರು, ತಿಂಡಿ ಇಡಬೇಡಿ, ಮೊದಲು ಹೆಂಡತಿಯನ್ನು ಕೇಳಿ. ಪಾರ್ಶ್ವವಾಯು ಆದ ಅನೇಕರಿಗೆ ನುಂಗುವುದು ಕಷ್ಟ. ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಎಬ್ಬಿಸಿ ಕೂರಿಸುವಾಗ ಸೋತ ಕೈಯನ್ನು ಹಿಡಿದು ಎಳೆಯಬೇಡಿ, ಭುಜದ ಕೀಲಿಗೆ ಪೆಟ್ಟಾಗುತ್ತದೆ. ಇನ್ನೊಂದು: ಮಾತು ನಿಂತಿದ್ದರೆ ಬುದ್ಧಿಯೂ ಹೋಯಿತೆಂದುಕೊಂಡು ಅವರೆದುರೇ ‘ಪಾಪ, ಹೇಗಿದ್ದವರು ಹೇಗಾದರು’ ಎಂದು ಲೊಚಗುಟ್ಟುವವರನ್ನು ದಿನಾ ನೋಡುತ್ತೇನೆ. ಎಷ್ಟೋ ಸಲ ಅವರಿಗೆ ಎಲ್ಲ ಅರ್ಥವಾಗುತ್ತಿರುತ್ತದೆ. ತಲೆಯಾಡಿಸಿದರೆ ಉತ್ತರ ಆಗುವಂಥ ಪ್ರಶ್ನೆ ಕೇಳಿ, ಕೇಳಿ ಸ್ವಲ್ಪ ಕಾಯಿರಿ.

– ಓದುಗಿ

*

ಪ್ರಿಯ ಸಹೋದರಿ, ನಾನು ನಿವೃತ್ತ ಸಭಾಪಾಲಕ (ಪಾಸ್ಟರ್). ರೋಗಿಗಳ ಹೆಸರಿನ ಪಟ್ಟಿ ಓದಿ ಪ್ರಾರ್ಥಿಸಿ, ಆ ಪಟ್ಟಿಯನ್ನು ಮಡಚಿ ಸತ್ಯವೇದದೊಳಗಿಟ್ಟು ಊಟಕ್ಕೆ ನಡೆದ ಭಾನುವಾರಗಳು ನನ್ನ ಲೆಕ್ಕದಲ್ಲಿ ಬಹಳ ಇವೆ. ಬಟ್ಟೆಯಿಲ್ಲದವರಿಗೆ, ಹಸಿದವರಿಗೆ ಬೆಚ್ಚಗಿರಿ, ಹೊಟ್ಟೆತುಂಬಿಸಿಕೊಳ್ಳಿ ಎಂದಷ್ಟೇ ಹೇಳಿ ಕಳಿಸಿದರೆ ಏನು ಬಂತು ಎಂದು ಯಾಕೋಬ ಬೈಬಲಿನಲ್ಲಿರುವ ತನ್ನ ಪತ್ರದ 2ನೇ ಅಧ್ಯಾಯದಲ್ಲಿ ಕೇಳುವುದು ನನ್ನಂಥವರನ್ನೇ. ಹೀಗಾಗಿ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಅಷ್ಟಕ್ಕಷ್ಟೇ.

ಶುರು ಮಾಡಿದರೆ ಬಿಡಲಾಗದು ಎಂದಿರಲ್ಲ, ಅದಕ್ಕೆ ಮಾತ್ರ ಉತ್ತರಿಸುತ್ತೇನೆ. ಲೂಕ 10ರಲ್ಲಿ ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿಗೆ ನೆರವಾದ ಸಮಾರ್ಯದವನ ಕಥೆಯನ್ನು ಪ್ರಸಂಗಿಗಳು ಹೆಚ್ಚಾಗಿ ಅರ್ಧಕ್ಕೇ ನಿಲ್ಲಿಸುತ್ತೇವೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ಸವಾರಿಯ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ತಂದ, ಆಮೆನ್. ಮುಂದಿನ ವಚನ ಓದಿ. ಮರುದಿನ ಅವನು ಹೊರಟುಬಿಡುತ್ತಾನೆ! ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಆ ಕಾಲದ ಆಳಿನ ಎರಡು ದಿನದ ಕೂಲಿ, ಇಟ್ಟು ‘ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ಬರುವಾಗ ಕೊಡುತ್ತೇನೆ’ ಎನ್ನುತ್ತಾನೆ. ಅವನಿಗೂ ದಾರಿ ಸಾಗಬೇಕಿತ್ತು. ಹಾಗೆಂದು ಗಾಯಾಳುವನ್ನು ಕೈಬಿಡಲಿಲ್ಲ, ನಡುವೆ ಇನ್ನೊಬ್ಬನನ್ನು ಸೇರಿಸಿಕೊಂಡ. ನಿಮ್ಮ ಛತ್ರದವನು ಯಾರು, ಹುಡುಕಿ. ಸಭೆಯಲ್ಲಿ ಇನ್ನು ಮೂವರು ಸಿಕ್ಕರೆ ವಾರಕ್ಕೊಬ್ಬರಂತೆ ತಿಂಗಳಿಗೆ ಒಂದೇ ಸಲ ನಿಮ್ಮ ಪಾಳಿ. ಗ್ರೀಕ್ ಮಾತಾಡುವ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಕಡೆಗಣಿಸುತ್ತಿದ್ದಾರೆ ಎಂಬ ಗೊಣಗಾಟ ಎದ್ದಾಗ ಮೊದಲ ಕ್ರೈಸ್ತರ ಆದಿಸಭೆಯೂ ಇದನ್ನೇ ಮಾಡಿತು, ಏಳು ಜನರನ್ನು ಆರಿಸಿ ಆ ಕೆಲಸಕ್ಕೇ ಇಟ್ಟಿತು (ಅಪೊಸ್ತಲರ ಕೃತ್ಯಗಳು 6).

ಅಂದಹಾಗೆ, ಸಮಾರ್ಯದವನು ಕನಿಕರಪಟ್ಟನು ಎಂದು ನಾವು ಓದುವ ಕಡೆ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದದ ಬೇರು ‘ಕರುಳು’. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಕರುಳು ಚುರುಕ್ ಎಂದಿದೆ, ಇಲ್ಲದಿದ್ದರೆ ಆ ಪತ್ರ ಬರೆಯುತ್ತಿರಲಿಲ್ಲ.

– ಹಿರಿಯ ಓದುಗ

*

ಹೋಗಿ. ಆದರೆ ಹೋಗಿಬಂದದ್ದನ್ನು ಸಾಕ್ಷಿಯಾಗಿ ಹೇಳಬೇಡಿ. ನನ್ನ ಕೆಲಸ ಹೋದಾಗ ನೆರವಾದವರು ಮುಂದಿನ ಭಾನುವಾರ ಎದ್ದು ನಿಂತು ‘ಕಷ್ಟದಲ್ಲಿದ್ದ ಒಂದು ಕುಟುಂಬಕ್ಕಾಗಿ ಕರ್ತನು ನಮ್ಮನ್ನು ಉಪಯೋಗಿಸಿದನು’ ಎಂದರು. ಹೆಸರು ಹೇಳಲಿಲ್ಲ, ನಿಜ. ಆದರೆ ಕುತ್ತಿಗೆಗಳೆಲ್ಲ ತಿರುಗಿದ್ದು ನಮ್ಮ ಬೆಂಚಿನ ಕಡೆಗೆ. ಆಮೇಲೆ ಎರಡು ತಿಂಗಳು ನನ್ನ ಮಗಳು ಸಂಡೇ ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಮತ್ತಾಯ 6ರ ಮಾತು ತೆಗೆದುಕೊಳ್ಳುವವರ ಮಾನ ಕಾಯಲೆಂದೇ ಇದೆಯೇನೋ ಎನಿಸಿತು.

– ಹೆಸರು ಬೇಡ

*

ಏನು ಮಾತಾಡಲಿ ಎಂಬ ಚಿಂತೆಯಿದ್ದರೆ ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ಕೂತ ಯೋಬನ ಗೆಳೆಯರನ್ನು ನೆನೆಯಿರಿ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಬಾಯಿ ತೆರೆದ ಮೇಲೆಯೇ ಎಲ್ಲ ಕೆಟ್ಟಿದ್ದು.

– ಓದುಗ

*

ನಿಮ್ಮ ಪತ್ರ ಓದಿ ಎದೆ ಧಸಕ್ಕೆಂದಿತು. ನಾನೂ ಒಬ್ಬರಿಗೆ ಅದೇ ಮಾತು ಹೇಳಿ ಆರು ತಿಂಗಳಿಂದ ಆ ಬೀದಿ ತಪ್ಪಿಸಿ ಓಡಾಡುತ್ತಿದ್ದೇನೆ. ನಿನ್ನೆ ಫೋನ್ ಮಾಡಿದೆ, ಎತ್ತಲಿಲ್ಲ. ಶನಿವಾರ ಮನೆಗೇ ಹೋಗಿ ನೋಡುತ್ತೇನೆ.

– ನಿಮ್ಮಂತೆಯೇ ಒಬ್ಬಳು